ಸಿಡಿಲುಮುಷ್ಟಿಯ ಜಿಪ್ಪು

ಶುಕ್ರವಾರ ಸಂಜೆ ಕೆಲಸದಿಂದ ಬಂದವನೇ ಸೋಪು ಹಚ್ಚಿ ಕೈ ತೊಳೆದೆ. ಒಮ್ಮೆ ಟವೆಲಿಗೆ, ಇನ್ನೊಮ್ಮೆ ಅಂಗಿಗೆ ಒರೆಸಿ, ಬೆರಳು ಪೂರ್ತಿ ಒಣಗಿವೆ ಎಂದು ಖಾತ್ರಿಯಾದ ಮೇಲೆ ‘ಸಿಡಿಲುಮುಷ್ಟಿ’ಯ ಹೊಸ ಸಂಚಿಕೆಯನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದೆ. ಹೈಸ್ಕೂಲಿನಿಂದ ಪಾಲಿಸಿಕೊಂಡು ಬಂದ ಶಿಸ್ತು ಇದು. ಈ ಕಾಮಿಕ್ಸನ್ನು ಮುಟ್ಟುವ ಅಧಿಕಾರ ನಮ್ಮ ಮನೆಯಲ್ಲಿ ನನಗೊಬ್ಬನಿಗೇ. ಹೆಂಡತಿ ಮುಟ್ಟಿದರೆ ಪುಟದ ಮೂಲೆ ಮಡಚುತ್ತದೆ. (ಮದುವೆಯಾದ ಹೊಸತರಲ್ಲಿ ಒಂದು ಸಲ ಮಡಚಿತ್ತು. ಆ ಸಂಚಿಕೆಯ ಮೇಲೆ ಈಗಲೂ ಇಸ್ತ್ರಿಪೆಟ್ಟಿಗೆಯ ಗುರುತಿದೆ. ಅವಳು ಅದನ್ನು ಸರಿಮಾಡಲು ಹೋಗಿದ್ದಳು.)

ಅರ್ಧ ಓದುವಷ್ಟರಲ್ಲಿ ನನ್ನ ಸಹನೆಯ ಕಟ್ಟೆ ಒಡೆಯಿತು. ಕತೆಯಲ್ಲೂ ಅಣೆಕಟ್ಟು ಒಡೆಯುತ್ತಿತ್ತು. ಕೆಳಗಿನ ಪಟ್ಟಣ ಮುಳುಗುವುದರಲ್ಲಿತ್ತು. ಉಕ್ಕಿನ ಕಂಬವನ್ನು ಬಳಪದಂತೆ ಮುರಿಯುವ ಲೋಕರಕ್ಷಕ ಸಿಡಿಲುಮುಷ್ಟಿ ಮಾತ್ರ ಕನ್ನಡಿಯ ಮುಂದೆ ಕೈ ಎತ್ತಿಕೊಂಡು ನಿಂತಿದ್ದ. ಅವನ ಉಡುಪಿನ ಜಿಪ್ಪು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತ್ತು. ದರ್ಜಿಯಮ್ಮನೊಬ್ಬಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅದನ್ನು ಎಳೆಯುತ್ತಿದ್ದಳು.

ಈ ಪ್ರಕಾಶನದವರಿಂದ ನಾನು ಸಹಿಸಿದ್ದು ಕಡಿಮೆಯೇನಲ್ಲ. ಅವರು ಸಿಡಿಲುಮುಷ್ಟಿಯನ್ನು ಮೂರು ಸಲ ಕೊಂದರು, ಮೂರು ಸಲವೂ ನಾನು ಊಟ ಬಿಟ್ಟೆ. ಒಮ್ಮೆ ಅವನು ಎದ್ದು ಬಂದು ‘ಸತ್ತದ್ದು ನನ್ನ ಅವಳಿ ತಮ್ಮ’ ಎಂದ, ನಂಬಿದೆ. ಖಳನಾಯಕನನ್ನೇ ಅವನ ಮಾವನನ್ನಾಗಿ ಮಾಡಿದರು, ಅದನ್ನೂ ಒಪ್ಪಿದೆ. (ಅದನ್ನು ಒಪ್ಪಲು ನನಗೆ ಕಲ್ಪನಾಶಕ್ತಿ ಬೇಕಾಗಲಿಲ್ಲ.) ಆದರೆ ಈಚೆಗೆ ಬಂದ ಹೊಸ ಬರಹಗಾರರು ಈ ದರ್ಜಿಯಮ್ಮನನ್ನು ತಂದು ಕೂರಿಸಿದರು. ಅಂದಿನಿಂದ ಹೊಡೆದಾಟ ಕಡಿಮೆಯಾಗಿ ಅಳತೆ ತೆಗೆಯುವುದು ಹೆಚ್ಚಾಯಿತು. ಹಿಂದೆ ಮನೆಗೆ ಬಂದು ಕೈ ಒಣಗಿದ ಕೂಡಲೇ ನಿಂತಲ್ಲೇ ಓದಿ ಮುಗಿಸುತ್ತಿದ್ದವನು ನಾನು. ಆಮೇಲೆ ಊಟವಾದ ಮೇಲೆ ಓದಿದರಾಯಿತು ಎಂದಾಯಿತು, ಆಮೇಲೆ ಭಾನುವಾರ ನೋಡೋಣ ಎಂದಾಯಿತು. ಕವರು ಬಿಚ್ಚದ ಸಂಚಿಕೆಗಳೂ ಬೀರುವಿನಲ್ಲಿ ಸೇರತೊಡಗಿದವು. ಹಳೆಯ ಸ್ನೇಹಿತ ಎದುರು ಬಂದಾಗ ರಸ್ತೆ ದಾಟಿ ಆ ಕಡೆ ಹೋಗುವಂಥ ಸಂಕಟ.

“ಮುಗೀತು!” ಎಂದು ಸಂಚಿಕೆಯನ್ನು ಮುಚ್ಚಿದೆ.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದಳು, “ಮತ್ತೆ ಸತ್ತನಾ?”

“ಸತ್ತಿದ್ರೆ ಎಷ್ಟೋ ವಾಸಿ ಇತ್ತು. ಜಿಪ್ಪು ಸಿಕ್ಕಿಹಾಕ್ಕೊಂಡಿದೆ.”

“ಎಡಗಡೆ ಪಕ್ಕದ ಹೊಲಿಗೇಲಿ ತಂದು ಇಟ್ರೆ ಇನ್ನೇನಾಗುತ್ತೆ? ಬೆನ್ನಿಗೆ ಇಡ್ಬೇಕಿತ್ತು.”

“ಅದಕ್ಕೆ ಜಿಪ್ಪೇ ಇರಬಾರದು ಕಣೇ! ಅದು ಅತಿಮಾನುಷ ಉಡುಪು.”

“ಉಡುಪು ಅತಿಮಾನುಷ ಆದ್ರೂ ತಲೆ ಮನುಷ್ಯಂದೇ ತಾನೇ? ತೂರಬೇಕಲ್ಲ? ಮದುವೆ ಆದಾಗಿಂದ ಕೇಳ್ತಿದೀನಿ, ಇದನ್ನ ಹಾಕ್ಕೊಳ್ಳೋದು ತಲೆಯಿಂದಲೋ ಕಾಲಿಂದಲೋ ಅಂತ. ನೀವು ಒಂದು ದಿನನಾದ್ರೂ ಉತ್ತರ ಕೊಟ್ರಾ?”

ಕೊಟ್ಟಿರಲಿಲ್ಲ. ಮಾತು ಬದಲಿಸಿ, ನಾನು ಈ ಪ್ರಕಾಶನವನ್ನೇ ತ್ಯಜಿಸಿದ್ದೇನೆ ಎಂದು ಘೋಷಿಸಿದೆ. ಅವಳ ಕಾಲು ಪೆಡಲಿನ ಮೇಲೆ ನಿಂತಿತು.

“ನಿಜವಾಗ್ಲೂ?”

“ಆಡಿದ ಮಾತಿಗೆ ತಪ್ಪೋನಲ್ಲ ನಾನು. ಇವತ್ತಿಂದ ಬೀರು ನಿನ್ನದು.”

ಆ ಬೀರುವಿನ ಇತಿಹಾಸವನ್ನು ಹೇಳಬೇಕು. ಮನೆಯಲ್ಲಿರುವುದು ಒಂದೇ ಕಬ್ಬಿಣದ ಬೀರು. ಅದರ ನಾಲ್ಕು ಅರೆಗಳಲ್ಲಿ ಸಿಡಿಲುಮುಷ್ಟಿ, ಐದನೆಯದರಲ್ಲಿ ನನ್ನ ಅಂಗಿಗಳು. ಹೆಂಡತಿ ಹೊಲಿಯುವ ಶಾಲಾ ಸಮವಸ್ತ್ರಗಳಿಗೆ ಮಂಚವೇ ಗತಿ. ನಮ್ಮಿಬ್ಬರ ನಡುವೆ ಎಷ್ಟೋ ವರ್ಷಗಳಿಂದ ಒಂದು ಇಡೀ ತರಗತಿ ಮಲಗುತ್ತಿದೆ. ಬೀರು ಬಿಟ್ಟುಕೊಡಿ ಎಂದು ಅವಳು ಕೇಳದ ದಿನವಿಲ್ಲ. ಆದ್ದರಿಂದ ನಾನು ಬೀಗದಕೈಯನ್ನು ಚಕ್ರವರ್ತಿಯೊಬ್ಬ ರಾಜ್ಯ ದಾನ ಮಾಡುವ ಭಂಗಿಯಲ್ಲಿ ಅವಳ ಅಂಗೈಯಲ್ಲಿಟ್ಟೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬೀಗದಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, “ಬೀರು ಅಂದ್ರೆ ಪೂರ್ತಿ ಬೀರು ತಾನೇ?” ಎಂದು ಮಾತ್ರ ಕೇಳಿದಳು.

“ಪೂರ್ತಿ,” ಎಂದೆ.

ಮರುದಿನ ಸಂಜೆ ಎದೆಯುಬ್ಬಿಸಿಕೊಂಡು ಪುಸ್ತಕದಂಗಡಿಗೆ ನಡೆದೆ. ಅಲ್ಲಿನ ಯಜಮಾನರು ನನ್ನ ಪ್ರತಿಯನ್ನು ವಾರವಾರವೂ ಗಲ್ಲಾದ ಕೆಳಗೆ ಎತ್ತಿಡುತ್ತಾರೆ. ಅದನ್ನು ನಿಲ್ಲಿಸಿ ಎಂದು ಮುಖ ಕೊಟ್ಟು ಹೇಳದ ಹೊರತು ಬಿಟ್ಟದ್ದು ಬಿಟ್ಟ ಲೆಕ್ಕವಲ್ಲ. ಎಷ್ಟೋ ಸಲ ಹೇಳಲು ಹೋಗಿ, ಎರಡು ಪೆನ್ಸಿಲ್ ಕೊಂಡು ವಾಪಸಾಗಿದ್ದೇನೆ. ಈ ಸಲ ಗಂಟಲು ಸರಿಪಡಿಸಿಕೊಂಡು ಹೇಳಿಯೇಬಿಟ್ಟೆ.

“ಯಜಮಾನರೇ, ಸಿಡಿಲುಮುಷ್ಟಿಗೂ ನನಗೂ ಋಣ ತೀರಿತು. ಇನ್ನು ನನ್ನ ಪ್ರತಿ ಎತ್ತಿಡಬೇಡಿ.”

ಅವರು ಅಳಬಹುದು ಎಂದುಕೊಂಡಿದ್ದೆ. ಅವರು ದಾರದ ಉಂಡೆಯಿಂದ ದಾರ ಕತ್ತರಿಸುತ್ತ, “ಆಗಲಿ ಸಾರ್. ಹಾಗಾದ್ರೆ ಅಮ್ಮಾವ್ರದ್ದು ಒಂದೇ ಎತ್ತಿಡ್ತೀನಿ,” ಎಂದರು.

“ಯಾವ ಅಮ್ಮಾವ್ರು?”

“ನಿಮ್ಮನೆಯವರೇ ಸಾರ್. ಶುಕ್ರವಾರ ಬೆಳಿಗ್ಗೆ ನಾನು ಕಟ್ಟು ಬಿಚ್ಚೋ ಹೊತ್ತಿಗೇ ಬಂದು ನಿಂತಿರ್ತಾರೆ. ಆ ದರ್ಜಿಯಮ್ಮ ಬಂದಾಗಿಂದ ಒಂದು ವಾರನೂ ತಪ್ಪಿಸಿಲ್ಲ. ನಿಮ್ಮ ಪ್ರತಿ ಮುಟ್ಟಿದ್ರೆ ಮೂಲೆ ಮಡಚುತ್ತಂತಲ್ಲ? ಅದಕ್ಕೇ ಬೇರೆ ತಗೋತಾರೆ.”

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಊರಿನ ಅರ್ಧ ಜನ ನನ್ನ ಕೈಯಿಂದ ಜಗತ್ತನ್ನು ನೋಡುತ್ತಿದ್ದಾರೆ. ಈಚೆಗೆ ಹೆಂಡತಿಗೆ ಚಾಳೀಸು ಬಂದಾಗ ನಾನೇ ಅವಳನ್ನು ಕೂರಿಸಿ, “ಹೊಲಿಗೆ ಎಷ್ಟು ದೂರ ಇಟ್ಕೊಂಡು ನೋಡ್ತೀಯ?” ಎಂದು ಕೇಳಿದ್ದೆ. ಅವಳು ಎರಡೂ ಅಂಗೈಗಳನ್ನು ಎದೆಯ ಮುಂದೆ ತೆರೆದು ಹಿಡಿದು ತೋರಿಸಿದಳು. ನಾನು ಟೇಪು ಹಿಡಿದು ಅಳೆದು, ಆ ದೂರಕ್ಕೆ ತಕ್ಕ ಲೆನ್ಸು ಹಾಕಿಸಿದೆ. ಅಂಗೈಗಳನ್ನು ಹಾಗೆ ತೆರೆದು ಹಿಡಿದು ಯಾರೂ ಬಟ್ಟೆ ಹೊಲಿಯುವುದಿಲ್ಲ ಎಂಬುದು ಪುಸ್ತಕದಂಗಡಿಯ ಮೆಟ್ಟಿಲಿಳಿಯುವಾಗ ಹೊಳೆಯಿತು.

ಮನೆಗೆ ಬಂದು ಬಾಗಿಲಲ್ಲೇ ಗುಡುಗಿದೆ. “ಸಿಕ್ಕಿಬಿದ್ದೆ! ಕಳ್ಳತನದಲ್ಲಿ ಕಾಮಿಕ್ಸ್ ಓದ್ತೀಯಾ?”

“ಕಳ್ಳತನ ಯಾಕ್ರೀ? ನನ್ನ ದುಡಿಮೇಲಿ ಕೊಂಡ್ಕೊಂಡಿದೀನಿ.” ಅವಳು ನೆಲದ ಮೇಲೆ ಕುಳಿತು, ಬಟ್ಟೆ ಕತ್ತರಿಸುವ ಮಾದರಿ ಕಾಗದಗಳ ಸುರುಳಿ ಬಿಚ್ಚಿ, ಒಳಗಿನಿಂದ ಸಂಚಿಕೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಒಂದರದ್ದೂ ಮೂಲೆ ಮಡಚಿರಲಿಲ್ಲ.

“ಇಷ್ಟು ದಿನ ಹೇಳಲಿಲ್ಲ ಯಾಕೆ?”

“ಹೇಳಿದ್ರೆ ನೀವು ಶುರುವಿಂದ ಕತೆ ಹೇಳೋಕೆ ಕೂತ್ಕೊಳ್ತೀರ. ನಂಗೆ ಸಮವಸ್ತ್ರ ಯಾರು ಹೊಲಿದುಕೊಡ್ತಾರೆ?”

ನಾನು ಮಂಚದ ಮೇಲೆ ಕುಸಿಯಲು ಹೋದೆ. ಅಲ್ಲಿ ತರಗತಿಯ ಜೊತೆಗೆ ನನ್ನ ಅಂಗಿಗಳೂ ಮಲಗಿದ್ದವು. ಐದನೆಯ ಅರೆ ಖಾಲಿಯಾಗಿತ್ತು. ಉಳಿದ ನಾಲ್ಕು ಅರೆಗಳಲ್ಲಿ ಸಿಡಿಲುಮುಷ್ಟಿ ಕೂದಲೂ ಕೊಂಕದೆ ಕುಳಿತಿದ್ದ.

“ಇದೇನೇ ಇದು? ಸಮವಸ್ತ್ರ ಇಡೋಕೆ ಅಲ್ವಾ ಬೀರು ಕೊಟ್ಟಿದ್ದು?”

“ಪೂರ್ತಿ ಬೀರು ಅಂದ್ರಲ್ಲ, ಒಳಗಿರೋದೂ ಸೇರಿಯೇ ತಾನೇ? ಮೊದಲಿಂದ ಓದ್ಬೇಕು ನಾನು. ಜಿಪ್ಪಿಲ್ಲದೆ ಇಷ್ಟು ವರ್ಷ ಹೇಗೆ ಸುಧಾರಿಸಿದನೋ ನೋಡ್ಬೇಕು. ನಿಮ್ಮ ಅಂಗಿ ಅರೇಲಿ ನನ್ನ ಪ್ರತಿಗಳು.” ಬೀಗದಕೈಯನ್ನು ಅವಳು ಅಳತೆ ಟೇಪಿನ ತುದಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಯಾವ ಲೋಕರಕ್ಷಕನ ಪದಕವೂ ಹಾಗೆ ಹೊಳೆದದ್ದನ್ನು ನಾನು ಕಂಡಿಲ್ಲ.

ತ್ಯಾಗಿಗೆ ತಕ್ಕ ಗಾಂಭೀರ್ಯದಿಂದ ನನ್ನ ಅಂಗಿಗಳನ್ನು ಮಂಚದ ಒಂದು ಪಕ್ಕಕ್ಕೆ ಜೋಡಿಸಿಟ್ಟೆ. ಆದರೆ ಆ ಅಣೆಕಟ್ಟು ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ.

“ಅಲ್ಲ ಕಣೇ... ಆ ಜಿಪ್ಪು ಕೊನೆಗೆ ಬಿಡ್ತಾ?”

“ಬಿಟ್ಟೋರಿಗೆ ಅದೆಲ್ಲ ಯಾಕೆ?”

“ನನ್ನ ಪ್ರತಿ ಆದ್ರೂ ಕೊಡು, ನಾನೇ ನೋಡ್ಕೋತೀನಿ.”

“ಬೀರು ಸೇರಿತು. ಕೈ ತೊಳೆದು ಬನ್ನಿ, ಆಮೇಲೆ ಯೋಚನೆ ಮಾಡೋಣ.”

ತೊಳೆದು ಬಂದೆ. ಬೆರಳುಗಳನ್ನು ಕನ್ನಡಕ ಏರಿಸಿ ಪರೀಕ್ಷಿಸಿದಳು. ಇನ್ನೂ ತೇವವಿದೆ ಎಂದಳು.

ಬರುವ ಶುಕ್ರವಾರ ಬೆಳಿಗ್ಗೆ ಅವಳು ಶಾಲೆಗೆ ಸಮವಸ್ತ್ರ ತಲುಪಿಸಬೇಕಾಗಿದೆ. ಅವಳ ಹೊಸ ಸಂಚಿಕೆಯನ್ನು ಅಂಗಡಿಯಿಂದ ನಾನು ತರುತ್ತೇನೆ, ಕವರು ಬಿಚ್ಚದೆ.