ಸೂರ್ಯನಿಗೂ ಹಾಜರಿ ಹಾಕಿದ ದೊಡ್ಡಪ್ಪ

ಸೂರ್ಯನಿಗೆ ಮೆಮೋ ಕೊಟ್ಟ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ನಾನು ಅಂಥವರ ಮನೆಯಲ್ಲೇ ಬೆಳೆದವಳು. ಒಂದು ಆಷಾಢದಲ್ಲಿ ಹನ್ನೊಂದು ದಿನ ಮೋಡ ಕವಿದು ಸೂರ್ಯ ಮುಖ ತೋರಿಸದೇ ಹೋದಾಗ ನಮ್ಮ ದೊಡ್ಡಪ್ಪ ಅವನ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಅನುಮತಿಯಿಲ್ಲದೆ ಗೈರುಹಾಜರು’ ಎಂದು ಬರೆದರು. ಬರೆದು, ದಿನಾಂಕ ಹಾಕಿ, ಕೆಳಗೆ ಸಹಿಯನ್ನೂ ಮಾಡಿದರು! ಸೂರ್ಯನಿಗೆ ಕಾರ್ಡು ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ಸ್ವಲ್ಪ ತಾಳಿ, ಹೇಳುತ್ತೇನೆ.

ದೊಡ್ಡಪ್ಪ ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದರು. ಗೇಟಿನ ಪಕ್ಕ ಒಂದು ಕಿಟಕಿ, ಕಿಟಕಿಯ ಹಿಂದೆ ಒಂದು ಗಡಿಯಾರ, ಗಡಿಯಾರದ ಕೆಳಗೆ ದೊಡ್ಡಪ್ಪ. ಕೆಲಸಗಾರರು ತಮ್ಮ ತಮ್ಮ ಕಾರ್ಡನ್ನು ಯಂತ್ರದ ಬಾಯಿಗೆ ಕೊಟ್ಟು, ಸಮಯ ಒತ್ತಿಸಿಕೊಂಡು, ಬಂದಾಗ ‘ಇನ್’ ಗೂಡಿಗೂ ಹೋಗುವಾಗ ‘ಔಟ್’ ಗೂಡಿಗೂ ಹಾಕಬೇಕು. ಸೈರನ್ ಕೂಗಿದ ಮೇಲೆ ಐದು ನಿಮಿಷ ವಿನಾಯಿತಿ. ಆರನೆಯ ನಿಮಿಷಕ್ಕೆ ದೊಡ್ಡಪ್ಪನ ಜೇಬಿನಿಂದ ಕೆಂಪು ಪೆನ್ನು ಹೊರಗೆ ಬರುತ್ತಿತ್ತು. ಅವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಮದುವೆಮನೆಗೆ ಹೋದರೂ ಅಷ್ಟೇ!

ಇನ್ನೊಂದು ಪದ್ಧತಿಯಿತ್ತು. ಕಾರ್ಖಾನೆಯ ಕೆಲಸಕ್ಕೆಂದೇ ಹೊರಗೆ ಹೋದವನ ಕಾರ್ಡಿನ ಮೇಲೆ ‘ಓ.ಡಿ.’ ಎಂದು ಬರೆಯುತ್ತಿದ್ದರು, ಔಟ್‌ಡೋರ್ ಡ್ಯೂಟಿ. ಹಾಗೆ ಬರೆದರೆ ಅವನು ಗೈರುಹಾಜರೂ ಅಲ್ಲ, ಲೇಟೂ ಅಲ್ಲ, ಎಲ್ಲೇ ಇದ್ದರೂ ಕೆಲಸದ ಮೇಲೇ ಇದ್ದ ಎಂದು ಲೆಕ್ಕ. ಒಮ್ಮೆ ದೊಡ್ಡ ಸಾಹೇಬರ ಡ್ರೈವರ್ ಬಂದು ಓ.ಡಿ. ಕೇಳಿದ.

“ಎಲ್ಲಿಗಪ್ಪ ಹೋಗಿದ್ದೆ?” ಎಂದರು ದೊಡ್ಡಪ್ಪ.

“ಅಮ್ಮಾವ್ರನ್ನ ಸೀರೆ ಅಂಗ್ಡಿಗೆ ಕರ್ಕೊಂಡು ಹೋಗಿದ್ದೆ ಸಾರ್.”

“ನಮ್ಮ ಫ್ಯಾಕ್ಟ್ರಿಲಿ ಸೀರೆ ತಯಾರು ಮಾಡ್ತೀವೇನಯ್ಯ?”

ಓ.ಡಿ. ಸಿಗಲಿಲ್ಲ. ಸಾಹೇಬರೇ ಫೋನು ಮಾಡಿದರೂ ಸಿಗಲಿಲ್ಲ. ಸುಳ್ಳು ನಮೂದು ಮಾಡುವ ಕೈ ನನ್ನದಲ್ಲ ಎಂದುಬಿಟ್ಟರಂತೆ. ಪಾಪ, ಆ ಡ್ರೈವರ್ ಅರ್ಧ ದಿನ ರಜೆ ಬರೆದುಕೊಟ್ಟ.

ಇಂಥವರಿಗೆ ಒಬ್ಬ ತಮ್ಮನಿದ್ದ. ಅವನೇ ನಮ್ಮ ಅಪ್ಪ. ಅದೇ ಕಾರ್ಖಾನೆಯಲ್ಲಿ ಲೇತ್ ಕೆಲಸ. ಬಾಗಲಗುಂಟೆಯಲ್ಲಿ ಒಂದೇ ಮನೆ, ಎರಡು ಸಂಸಾರ. ಅಪ್ಪನಿಗೆ ನಾಟಕದ ಹುಚ್ಚು. ಯಾವಾಗಲೂ ರಾಜನ ಪಾತ್ರ. ರಾಜರು ಬೆಳಗಿನ ಶಿಫ್ಟಿಗೆ ಏಳುವವರಲ್ಲವಲ್ಲ! ಕಾರ್ಡಿನ ಮೇಲೆ ಎರಡು ಕೆಂಪು ಗುರುತು ಬಿದ್ದಾಗಿತ್ತು. ಮೂರನೆಯದು ಬಿದ್ದರೆ ಸಸ್ಪೆನ್ಷನ್. ಒಂದು ಶ್ರಾವಣದ ಬೆಳಿಗ್ಗೆ ಅಪ್ಪ ಓಡುತ್ತಾ ಬಂದಾಗ ಗಡಿಯಾರದಲ್ಲಿ ಆರನೆಯ ನಿಮಿಷ.

“ಅಣ್ಣಾ, ಒಂದೇ ಒಂದು ನಿಮಿಷ ಕಣೋ” ಎಂದ ಅಪ್ಪ.

“ಒಂದಾದ್ರೂ ಲೇಟೇ” ಎಂದರು ದೊಡ್ಡಪ್ಪ.

ಅಪ್ಪನನ್ನು ಒಂದು ವಾರ ಸಸ್ಪೆಂಡ್ ಮಾಡಿದರು. ಇಡೀ ಗೇಟಿನ ಮುಂದೆ ಅಣ್ಣನ ಕೈಯಲ್ಲೇ ಆದ ಅವಮಾನ ಅದು. ಅಂದು ಸಂಜೆ ಅಪ್ಪ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೊರಟುಹೋದ. ‘ಹೋಗಿಬರ್ತೀನಿ’ ಎಂಬ ಮಾತನ್ನು ಅಮ್ಮನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನಗಾಗ ಎಂಟು ವರ್ಷ. ವಾರ ಕಳೆಯಿತು, ತಿಂಗಳು ಕಳೆಯಿತು. ಪತ್ರವಿಲ್ಲ, ಪತ್ತೆಯಿಲ್ಲ. ಅಮ್ಮ ದೊಡ್ಡಪ್ಪನಿಗೆ ಒಂದು ಮಾತನ್ನೂ ಆಡಲಿಲ್ಲ. ಎಂದಿನಂತೆ ತಟ್ಟೆಗೆ ಬಡಿಸಿ, ಎಂದಿನಂತೆ ಒಳಗೆ ಹೋಗುತ್ತಿದ್ದಳು. ಆ ತಟ್ಟೆಯ ಮುಂದೆ ದೊಡ್ಡಪ್ಪ ಅನ್ನ ಕಲಸುತ್ತಾ ಎಷ್ಟೋ ಹೊತ್ತು ಕೂತಿರುತ್ತಿದ್ದರು.

ಮುಂದಿನ ತಿಂಗಳು ಅವರು ಪ್ಯಾಕಿಂಗ್ ಮರದಿಂದ ಒಂದು ಹಲಗೆ ಮಾಡಿ ನಡುಮನೆಯಲ್ಲಿ ದೇವರ ಪಟಗಳ ಪಕ್ಕ ತೂಗುಹಾಕಿದರು. ಎಡಗಡೆ ಇನ್, ಬಲಗಡೆ ಔಟ್, ಥೇಟ್ ಫ್ಯಾಕ್ಟರಿಯಂತೆಯೇ. ಔಟ್ ಗೂಡಿನಲ್ಲಿ ಮೊದಲ ಕಾರ್ಡು ಅಪ್ಪನದು. ಹೆಸರು, ಹೋದ ದಿನಾಂಕ, ಅಷ್ಟೇ. ಅದೊಂದೇ ಕಾರ್ಡು ನೇತಾಡುತ್ತಿದ್ದರೆ ನೋಡಲು ಕಷ್ಟವಾಗುತ್ತಿತ್ತೋ ಏನೋ, ಅಪ್ಪನಿಗೆ ಜೊತೆ ಹುಡುಕುವಂತೆ ದೊಡ್ಡಪ್ಪ ಲೋಕದಲ್ಲಿ ಹೋಗಿ ಬರುವ ವಸ್ತುಗಳನ್ನೆಲ್ಲ ಹುಡುಕಲು ಹೊರಟರು.

ಮೊದಲು ಸಿಕ್ಕಿದ್ದು ನಮ್ಮ ಹಿತ್ತಲ ಬಟ್ಟೆಕಲ್ಲಿನ ಮೇಲೆ ಕೂತು ಬಾಲ ಕುಣಿಸುತ್ತಿದ್ದ ಒಂದು ಸಿಪಿಲೆ. ಹಳ್ಳಿಯ ಕಡೆ ಅದಕ್ಕೆ ಕುಂಡೆಕುಸ್ಕ ಎನ್ನುತ್ತಾರೆ. ನೋಡಿದವರು ಆ ಹೆಸರಿಗೆ ಬೇರೆ ವಿವರಣೆ ಕೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ಹಿಮಾಲಯದ ಕಡೆಯಿಂದ ಬಂದು ಬೇಸಿಗೆಗೆ ವಾಪಸು ಹೋಗುವ ಹಕ್ಕಿ. ದೊಡ್ಡಪ್ಪ ಲೈಬ್ರರಿಯಲ್ಲಿ ಕೂತು ಇದನ್ನೆಲ್ಲ ಓದಿಕೊಂಡು ಬಂದರು. ‘ಹೆಸರು: ಸಿಪಿಲೆ. ವಿಭಾಗ: ಬಟ್ಟೆಕಲ್ಲು’ ಎಂದು ಕಾರ್ಡು ಬರೆದರು. ಮರುವರ್ಷ ಹೆಚ್ಚುಕಡಿಮೆ ಅದೇ ವಾರದಲ್ಲಿ ಅದೇ ಕಲ್ಲಿನ ಮೇಲೆ ಸಿಪಿಲೆ ಬಂದು ಕೂತಾಗ ನಾನು ಕುಣಿದಾಡಿದೆ. ದೊಡ್ಡಪ್ಪ ಮಾತ್ರ ಹುಬ್ಬು ಗಂಟಿಕ್ಕಿ ನಿಂತರು.

“ಇದು ಅದೇ ಹಕ್ಕಿನೋ, ಇಲ್ಲ ಅದರ ಕಾರ್ಡನ್ನ ಬೇರೆಯವನು ಪಂಚ್ ಮಾಡ್ತಿದಾನೋ?”

ಗೆಳೆಯನ ಕಾರ್ಡನ್ನು ಗೆಳೆಯ ಒತ್ತುವುದು ಕಾರ್ಖಾನೆಯಲ್ಲಿ ಮಹಾಪರಾಧ. ಆ ಅನುಮಾನ ಪಾಪದ ಹಕ್ಕಿಯ ಮೇಲೂ ಬಂತು! ಮೂರು ದಿನ ಬೆಳಿಗ್ಗೆ ಬಚ್ಚಲ ಕಿಟಕಿಯ ಹಿಂದೆ ಅಡಗಿ ಕೂತು ವಿಚಾರಣೆ ನಡೆಸಿದರು. ಕೊನೆಗೆ ಅದರ ಎಡಗಾಲಿಗೆ ಒಂದು ಬೆರಳಿಲ್ಲದ್ದು ಕಂಡಿತು. ಹಿಂದಿನ ವರ್ಷದ ಕಾರ್ಡಿನಲ್ಲಿ ‘ಎಡಗಾಲು ಊನ’ ಎಂದು ಅವರೇ ಬರೆದಿದ್ದರು. ಆ ದಿನ ದೊಡ್ಡಪ್ಪನ ಮುಖ ನೋಡಬೇಕಿತ್ತು. “ಅದೇ ಕಣಮ್ಮ! ಅಷ್ಟು ದೂರ ಹೋಗಿ, ಇದೇ ಕಲ್ಲಿಗೆ ಬಂದಿದೆ!” ಎಂದು ಬನಿಯನ್ನಿನಲ್ಲೇ ಬೀದಿಗೆ ಓಡಿ ಹಾಲಿನವನಿಗೂ ಹೇಳಿದರು. ಹಾಲಿನವನು “ಅಂಗಾ ಸೋಮಿ” ಎಂದು ಅರ್ಧ ಲೀಟರ್ ಹೆಚ್ಚಿಗೆ ಅಳೆದು ಹೋದ.

ಆಮೇಲೆ ಕಾರ್ಡುಗಳು ಸುಗ್ಗಿಯಂತೆ ಬಂದವು. ದೊಡ್ಡಪ್ಪನ ಪ್ರಕಾರ ಜಗತ್ತಿನಲ್ಲಿ ಎಲ್ಲದಕ್ಕೂ ಶಿಫ್ಟ್ ಇದೆ. ಆಷಾಢದಲ್ಲಿ ಪಡುವಣ ಗಾಳಿ ಪೀಣ್ಯದ ಫೌಂಡ್ರಿಗಳ ಸುಟ್ಟ ವಾಸನೆಯನ್ನು ನಮ್ಮ ಮನೆಗೆ ತರುತ್ತಿತ್ತು. ದೀಪಾವಳಿ ಕಳೆದರೆ ಗಾಳಿ ಪಾಳಿ ಬದಲಿಸಿ ಮೂಡಣದಿಂದ ಅವರೆಹೊಲದ ಸೊಗಡು ತರುತ್ತಿತ್ತು. ಗಾಳಿಗೊಂದು ಕಾರ್ಡು. ಬಾವಿಯ ನೀರು ಬೇಸಿಗೆಗೆ ಕೆಳಗೆ ಹೋಗಿ ಮಳೆಗೆ ಮೇಲೆ ಬರುತ್ತಿತ್ತು. ಹಗ್ಗದಲ್ಲಿ ಗಂಟು ಹಾಕಿ ಅಳೆದು ಅದಕ್ಕೊಂದು. ಸೂರ್ಯ ಹುಟ್ಟುವ ಜಾಗ ವರ್ಷವಿಡೀ ಟೈಲರ್ ಮನೆಯ ತೆಂಗಿನಮರದಿಂದ ಶಾಲೆಯ ನೀರಿನ ಟ್ಯಾಂಕಿನವರೆಗೆ ನಡೆದು ಮತ್ತೆ ಹಿಂದಿರುಗುತ್ತದೆ ಎಂಬುದನ್ನು ತಾರಸಿಯ ಗೋಡೆಯ ಮೇಲೆ ಗೀಟು ಎಳೆದೆಳೆದು ಕಂಡುಹಿಡಿದರು. ಸೂರ್ಯನಿಗೆ ಕಾರ್ಡು ಬಂದದ್ದು ಹೀಗೆ. ಸಂಕ್ರಾಂತಿಗೆ ಎಳ್ಳು ದಾನ ತೆಗೆದುಕೊಳ್ಳಲು ಬಂದ ಪುರೋಹಿತರನ್ನು ಆ ಗೋಡೆಯ ಮುಂದೆ ನಿಲ್ಲಿಸಿ, “ಸೂರ್ಯ ಡಿಸೆಂಬರಲ್ಲೇ ತಿರುಗಿ ಹೊರಟಾಯ್ತು ಸ್ವಾಮಿ. ನೀವು ಮೂರು ವಾರ ಲೇಟು” ಎಂದರು.

“ಏನ್ರೀ, ಪಂಚಾಂಗಕ್ಕೇ ಮೆಮೋ ಕೊಡ್ತೀರಾ?” ಎಂದು ಪುರೋಹಿತರು ಎಳ್ಳನ್ನೂ ಮರೆತು ಇಳಿದುಹೋದರು.

ದೊಡ್ಡಮ್ಮನಿಗೂ ಒಂದು ಕಾರ್ಡಿತ್ತು, ಬೇಡವೆಂದರೂ! ಪ್ರತಿ ಗೌರಿಹಬ್ಬಕ್ಕೆ ಅವರು ತವರಿಗೆ ಹೋಗಿ ಎಂಟನೆಯ ದಿನ ಬರುತ್ತಿದ್ದರು. ಒಂದು ವರ್ಷ ಹತ್ತನೆಯ ದಿನ ಬಂದರು. ಚಪ್ಪಲಿ ಬಿಡುವ ಮೊದಲೇ ದೊಡ್ಡಪ್ಪ ಕಾರ್ಡಿಗೆ ಕೆಂಪು ಗೀಟು ಎಳೆದರು. ಸಾಯಂಕಾಲ ಕಾಫಿ ಕೇಳಿದ್ದಕ್ಕೆ ದೊಡ್ಡಮ್ಮ ಕೆಂಪು ಶಾಯಿಯ ಬಾಟಲಿ ತಂದು ಮುಂದೆ ಇಟ್ಟು, “ಬಿಸಿ ಮಾಡ್ಲೇನ್ರೀ?” ಎಂದು ಕೇಳಿದರು.

ಹಾಗೆಂದು ದೊಡ್ಡಪ್ಪ ಪರರಿಗೊಂದು ತಮಗೊಂದು ನ್ಯಾಯ ಮಾಡುವವರಲ್ಲ. ಒಂದು ವರ್ಷ ಮುಂಗಾರಿಗೆ ಮುಂಚೆ ತುಮಕೂರು ರಸ್ತೆಯ ಮೇಲೆ ಕಪ್ಪು ನೀಲಿ ಚಿಟ್ಟೆಗಳು ಪಡುವಣದಿಂದ ಮೂಡಣಕ್ಕೆ ಸಾವಿರ ಸಾವಿರವಾಗಿ ಹಾದುಹೋಗುತ್ತಿದ್ದವು. ದೊಡ್ಡಪ್ಪ ಸೈಕಲ್ಲಿನಿಂದ ಇಳಿದು ಎಣಿಸಲು ನಿಂತರು. ಲಾರಿಯವರು ಹಾರ್ನ್ ಹೊಡೆದರು, ಬೈದರು. ಇವರು ಎಣಿಸುತ್ತಲೇ ಇದ್ದರು. ಜೀವಮಾನದಲ್ಲಿ ಮೊದಲ ಸಲ ಹನ್ನೆರಡು ನಿಮಿಷ ತಡವಾಗಿ ಟೈಮ್ ಆಫೀಸಿಗೆ ಬಂದು, ಎಲ್ಲರೂ ನೋಡುತ್ತಿದ್ದಂತೆ ತಮ್ಮ ಕಾರ್ಡಿಗೆ ತಾವೇ ಕೆಂಪು ಗುರುತು ಹಾಕಿಕೊಂಡರು. ಕಾರಣ ಎಂಬಲ್ಲಿ ‘ಚಿಟ್ಟೆ’ ಎಂದು ಬರೆದರಂತೆ. ಅಂಥ ಮನುಷ್ಯನನ್ನು ಗೌರವಿಸದೆ ಇರುವುದು ಹೇಗೆ ಹೇಳಿ?

ಔಟ್ ಗೂಡಿನ ಅತಿ ಹಳೆಯ ನೌಕರ ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಧೂಮಕೇತು. ಅದು ಹೋದ ವರ್ಷವನ್ನು ‘ತಾತನ ಹೇಳಿಕೆಯ ಮೇರೆಗೆ’ ನಮೂದಿಸಿದ್ದರು.

“ಅದು ಬರೋ ಹೊತ್ಗೆ ನೀವು ರಿಟೈರ್ ಆಗಿರ್ತೀರ” ಎಂದರು ದೊಡ್ಡಮ್ಮ.

“ಚಾರ್ಜು ಇವಳಿಗೆ ವಹಿಸಿ ಹೋಗ್ತೀನಿ ಕಣೇ” ಎಂದು ನನ್ನ ತಲೆ ಮುಟ್ಟಿದರು.

ಆ ಧೂಮಕೇತುವಿನ ಮೇಲೆ ನನಗೆ ತುಂಬ ಪ್ರೀತಿ. ಎಪ್ಪತ್ತಾರು ವರ್ಷ ಹೋದದ್ದೇ ಬರುವುದಾದರೆ ಎರಡು ವರ್ಷ ಹೋದ ಅಪ್ಪ ಬರದೆ ಇರುತ್ತಾನೆಯೇ? ದೊಡ್ಡಪ್ಪ ಪ್ರತಿ ಕಾರ್ಡಿನ ಕೆಳಗೆ ವಾಪಸು ಬರುವ ದಿನ ಬರೆದು, ಪಕ್ಕದಲ್ಲಿ ‘ಪ್ಲಸ್ ಆರ್ ಮೈನಸ್’ ಇಷ್ಟು ದಿನ ಎಂದು ಬರೆಯುತ್ತಿದ್ದರು, ಅಂದರೆ ಅಷ್ಟು ದಿನ ಹಿಂದೆ ಮುಂದೆ ಆಗಬಹುದು ಎಂದು. ಸಿಪಿಲೆಗೆ ಐದು ದಿನ, ಗಾಳಿಗೆ ಹತ್ತು, ಚಿಟ್ಟೆಗೆ ಹದಿನೈದು. ಅಪ್ಪನ ಕಾರ್ಡಿನಲ್ಲಿ ಮಾತ್ರ ಆ ಜಾಗ ಖಾಲಿ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ದೊಡ್ಡಪ್ಪ, ಅಪ್ಪಂದು ಪ್ಲಸ್ ಆರ್ ಮೈನಸ್ ಎಷ್ಟು?”

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ನಿಂತದ್ದು ನನಗೆ ಕೇಳಿಸಿತು.

“ಡೇಟಾ ಸಾಲದು ಕಣಮ್ಮ” ಎಂದರು ಕೊನೆಗೆ. “ಒಂದೇ ಸಲ ಹೋಗಿರೋದು ಅವನು. ಎರಡು ಮೂರು ಸಲ ಹೋಗಿ ಬಂದ್ರೆ ತಾನೆ ಲೆಕ್ಕ ಹಾಕೋಕಾಗೋದು?”

ಆ ರಾತ್ರಿ ಅವರು ಊಟ ಮಾಡಲಿಲ್ಲ.

ಅಪ್ಪ ಬಂದದ್ದು ಯಾವ ಲೆಕ್ಕಕ್ಕೂ ಸಿಗದ ಒಂದು ದಿನ. ಫೆಬ್ರವರಿಯ ಭಾನುವಾರ, ಮಧ್ಯಾಹ್ನ. ಹಕ್ಕಿ ಬರುವ ಕಾಲವಲ್ಲ, ಗಾಳಿ ತಿರುಗುವ ಕಾಲವಲ್ಲ. ನಾನು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಗೇಟಿನ ಹೊರಗೆ ಯಾರೋ ಬಡಕಲು ಮನುಷ್ಯ ಒಂದು ಚೀಲ ಹಿಡಿದು ನಿಂತಿದ್ದ. ಚೀಲ ಮೊದಲು ಗುರುತು ಸಿಕ್ಕಿತು. ಹೋಗಿ ಮೂರೂವರೆ ವರ್ಷವಾಗಿತ್ತು. ಊರೂರು ತಿರುಗಿ, ಯಾವ ಯಾವುದೋ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ, ಬರೆಯಲು ಕೂತ ಪತ್ರಗಳನ್ನೆಲ್ಲ ಹರಿದುಹಾಕಿದ್ದನಂತೆ. ಅದೆಲ್ಲ ಗೊತ್ತಾದದ್ದು ಆಮೇಲೆ. ಆಗ ನಾನು ಹುಣಸೆಯ ಕೈಯಲ್ಲೇ ಓಡಿ ಹೋಗಿ ಅವನ ಸೊಂಟ ತಬ್ಬಿದೆ. ಅಮ್ಮ ಬಾಗಿಲಿಗೆ ಬಂದವಳು ಚೌಕಟ್ಟು ಹಿಡಿದು ಅಲ್ಲೇ ಕೂತುಬಿಟ್ಟಳು.

ಅಪ್ಪ ನಡುಮನೆಗೆ ಬಂದು ಹಲಗೆ ನೋಡಿದ. ಗಾಳಿ, ಬಾವಿ, ಚಿಟ್ಟೆ, ಧೂಮಕೇತುಗಳ ನಡುವೆ ತನ್ನ ಹೆಸರು ಓದಿಕೊಂಡ. ತಾನೇ ಅದನ್ನು ಔಟ್ ಗೂಡಿನಿಂದ ತೆಗೆದು ದೊಡ್ಡಪ್ಪನ ಮುಂದೆ ಹಿಡಿದ.

“ಹಾಕಣ್ಣ ಕೆಂಪು ಶಾಯಿ. ಲೇಟಾಗಿಬಿಟ್ಟೆ.”

ಸೂರ್ಯನನ್ನೇ ಬಿಡದ ಮನುಷ್ಯ! ದೊಡ್ಡಪ್ಪನ ಕೈ ಜೇಬಿಗೆ ಹೋಯಿತು. ಹೊರಗೆ ಬಂದದ್ದು ನೀಲಿ ಪೆನ್ನು. ಗೋಡೆಗೆ ಕಾರ್ಡು ಒತ್ತಿಹಿಡಿದು, ಹೋದ ದಿನದಿಂದ ಅಂದಿನವರೆಗೆ ಒಂದು ಉದ್ದ ಗೆರೆ ಎಳೆದು, ನಡುವೆ ಎರಡೇ ಅಕ್ಷರ ಬರೆದರು. ಅಪ್ಪ ಬಗ್ಗಿ ಓದಿದ.

‘ಓ.ಡಿ.’

“ಅಣ್ಣಾ, ಇದು ಸುಳ್ಳು ನಮೂದು ಕಣೋ” ಎಂದ ಅಪ್ಪ.

“ಇರ್ಲಿ ಬಿಡು. ಅವತ್ತು ಒಂದು ನಿಮಿಷ ಕೊಡ್ಲಿಲ್ಲ ನಾನು” ಎಂದರು ದೊಡ್ಡಪ್ಪ. “ಹೋಗು, ಕೈಕಾಲು ತೊಳ್ಕೊ. ಊಟಕ್ಕೆ ಹೊತ್ತಾಯ್ತು.”

ಆಮೇಲೆ ಬಚ್ಚಲಿಗೆ ಹೋಗಿ, ಸಿಪಿಲೆಯನ್ನು ವಿಚಾರಣೆ ಮಾಡಿದ ಅದೇ ಕಿಟಕಿಯ ಹಿಂದೆ ನಿಂತು ಅತ್ತರು. ನಾವೆಲ್ಲ ಕೇಳಿಸದವರಂತೆ ಇದ್ದೆವು. ಅಂದು ಅಮ್ಮ ಅವರ ತಟ್ಟೆಗೆ ಬಡಿಸಿ ಒಳಗೆ ಹೋಗಲಿಲ್ಲ; “ಇನ್ನೊಂದು ಸ್ವಲ್ಪ ಹಾಕ್ಲಾ ಭಾವ?” ಎಂದು ಕೇಳುತ್ತಾ ಅಲ್ಲೇ ನಿಂತಳು.

ಅಪ್ಪ ಮತ್ತೆ ಎಲ್ಲಿಗೂ ಹೋಗಲಿಲ್ಲ. ನಾಟಕಕ್ಕೆಂದು ಪಕ್ಕದ ದಾಸರಹಳ್ಳಿಗೆ ಹೊರಟರೂ ‘ಹೋಗಿಬರ್ತೀನಿ’ ಎಂದು ಮೂರು ಸಲ ಹೇಳಿ ಹೋಗುತ್ತಿದ್ದ. ದೊಡ್ಡಪ್ಪ ಬದುಕಿರುವಷ್ಟು ಕಾಲ ನಾನು ಬೇಕೆಂದೇ ಆಗಾಗ ಹಲಗೆಯ ಮುಂದೆ ನಿಂತು, “ಅಪ್ಪಂದು ಪ್ಲಸ್ ಆರ್ ಮೈನಸ್ ಎಷ್ಟು ದೊಡ್ಡಪ್ಪ?” ಎಂದು ಕೇಳುತ್ತಿದ್ದೆ. ಅವರು ಕನ್ನಡಕ ಒರೆಸುತ್ತಾ, ಲಾಟರಿ ಹೊಡೆದವರಂತೆ ನಗುತ್ತಾ ಹೇಳುತ್ತಿದ್ದರು:

“ಇವತ್ತಿಗೂ ಡೇಟಾ ಸಾಲದು ಕಣಮ್ಮ!”