ಗಿಣಿ ಮಾರ್ಕಿನ ಚೀಟಿ

ಎಲ್ಲ ಎಡವಟ್ಟಾದದ್ದು ‘ಪ್ಲೇಟು’ ಅನ್ನುವ ಒಂದು ಮಾತಿನಿಂದ.

ರಾಯದುರ್ಗದ ಯರ್ರಿಸ್ವಾಮಿ ಗ್ರಾಮಫೋನಿನ ತಟ್ಟೆಗಳನ್ನು ಪ್ಲೇಟೆಂದೇ ಕರೆಯುತ್ತಿದ್ದ. ಬಳ್ಳಾರಿಯ ಗಿಣಿ ಮಾರ್ಕು ಕಂಪನಿ ಮುಚ್ಚಿದ ಮೇಲೆ ಅದರ ಪ್ಲೇಟುಗಳನ್ನು ಸಂತೆ ಸಂತೆ ತಿರುಗಿ ಕೂಡಿಹಾಕಿದವನು ಅವನೊಬ್ಬನೇ. ಈಗ ಮದ್ರಾಸಿನ ದೊಡ್ಡ ಕಂಪನಿಯೊಂದು ಹಳೆಯ ಮಾರ್ಕುಗಳ ಚರಿತ್ರೆಯನ್ನೆಲ್ಲ ಒಂದು ಕಡೆ ಸೇರಿಸಿಡಲು ಹೊರಟಿತ್ತು. ಅದರ ಸಾಹೇಬರು ಮಧ್ಯಾಹ್ನದ ರೈಲಿಗೆ ಬರುವವರಿದ್ದರು. ಸಂಗ್ರಹ ಒಪ್ಪಿಗೆಯಾದರೆ ಅದನ್ನು ಜೋಪಾನ ಮಾಡುವ ಕೆಲಸ ಯರ್ರಿಸ್ವಾಮಿಗೇ.

“ಸಾಹೇಬ್ರು ಪ್ಲೇಟ್ ನೋಡಾಕ ಬರ್ತಾರ, ಚೊಕ್ಕ ಇರ್ಲಿ” ಎಂದು ಹೆಂಡತಿ ಉಜ್ಜಿನಮ್ಮನಿಗೆ ಹೇಳಿ ಅವನು ಕ್ಷೌರಕ್ಕೆ ಹೋದ. ಹೂರಣ ರುಬ್ಬುತ್ತಿದ್ದ ಉಜ್ಜಿನಮ್ಮ ಆ ಮಾತನ್ನು ಹಾಗೇ ನೆರೆಮನೆಯ ಚೌಡಕ್ಕನಿಗೆ ದಾಟಿಸಿದಳು. ಚೌಡಕ್ಕ ಕಂಬಳಿ ನೇಯುವವರ ಮನೆಯವಳು. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವಳಲ್ಲ.

ಯರ್ರಿಸ್ವಾಮಿ ನುಣ್ಣನೆಯ ಗಲ್ಲ ಸವರಿಕೊಳ್ಳುತ್ತ ಬಂದಾಗ ಪ್ಲೇಟುಗಳೆಲ್ಲ ಬಾನಿಯ ಹುಣಸೆ ನೀರಿನಲ್ಲಿ ಎಮ್ಮೆಗಳಂತೆ ಮಲಗಿದ್ದವು. ಅವುಗಳ ನಡುವಿನ ಗಿಣಿ ಚಿತ್ರದ ಚೀಟಿಗಳು ಬಿಟ್ಟು ಬಂದು, ಮೊರದಲ್ಲಿ ಹಪ್ಪಳದಂತೆ ಒಣಗುತ್ತಿದ್ದವು.

“ಏನ್ ಜಿಡ್ಡೋ ಯಪ್ಪಾ. ಎಷ್ಟು ತಿಕ್ಕಿದ್ರೂ ಕರಿ ಹೋಗವಲ್ದು” ಎಂದಳು ಚೌಡಕ್ಕ.

ಯರ್ರಿಸ್ವಾಮಿ ಕಟ್ಟೆಯ ಮೇಲೆ ಕುಸಿದ. “ನನ್ನ ಕೆಲಸಾನೂ ತೊಳದ್ಬಿಟ್ಟಿ ಚೌಡಕ್ಕ. ಯಾವ ಪ್ಲೇಟು ಯಾರ್ದು ಅಂತ ಆ ಚೀಟ್ಯಾಗ ಇತ್ತು.”

“ಅದಕ್ಯಾಕ ಅಳ್ತೀ? ಬಿಟ್ಟಿದ್ದನ್ನ ಮತ್ತ ಹಚ್ಚಿದ್ರಾತು.” ಹೋದವಳೇ ಕಂಬಳಿಗೆ ಹಚ್ಚುವ ಹುಣಸೆಬೀಜದ ಅಂಟಿನ ಗಡಿಗೆ ತಂದಳು.

ಒಂದೊಂದೇ ಪ್ಲೇಟು ಒರೆಸಿ, ಹಾಡಿಸಿ, ಅದಕ್ಕೆ ಒಪ್ಪುವ ಚೀಟಿ ಹುಡುಕುವುದು ಶುರುವಾಯಿತು. ಓಣಿಯ ಹೆಂಗಸರೆಲ್ಲ ಬಂದು ಕೂತರು.

“ಇದು ಸೀತಿ ಅಳೋ ಪದ” ಎಂದಳು ಉಜ್ಜಿನಮ್ಮ.

“ಸೀತಿಗೆ ಇಂಥಾ ಕೆಮ್ಮು ಇತ್ತೇನು? ಹಾಸ್ಯಗಾರನ ಪ್ಲೇಟದು” ಎಂದಳು ಚೌಡಕ್ಕ.

ಇನ್ನೊಂದರಲ್ಲಿ ಹುಣಸೆ ನಾರು ಸಿಕ್ಕಿ “ಬಾರೋ, ಬಾರೋ, ಬಾರೋ” ಎಂದು ಒಂದೇ ಮಾತು ಸುತ್ತತೊಡಗಿತು.

“ಯಾರರ ಹೋಗ್ರಿ, ಪಾಪ, ಆವಾಗ್ಲಿಂದ ಕರ್ಯಾಕತ್ತ್ಯಾಳ” ಎಂದಿತು ಹಿಂದಿನಿಂದ ಒಂದು ದನಿ. ಯರ್ರಿಸ್ವಾಮಿಗೂ ನಗು ಬಂತು.

ಕೊನೆಯ ಗಿಣಿ ತನ್ನ ಜಾಗಕ್ಕೆ ಕೂತು ಒಣಗುವುದಕ್ಕೂ ಜಟಕಾ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಹಸಿರು, ಕೆಂಪು, ನೀಲಿ ಗಿಣಿಗಳನ್ನು ನೋಡಿ ಸಾಹೇಬರ ಮುಖ ಅರಳಿತು. “ವರ್ಷಕ್ಕೊಂದು ಬಣ್ಣ, ಎಲ್ಲ ವರ್ಷದವೂ ಇವೆ. ಬಹಳ ಸಂತೋಷ, ಯರ್ರಿಸ್ವಾಮಿಯವರೇ. ಒಂದು ಬಾನಿ ನೀರು ತರಿಸಿ.”

“ಕೈ ತೊಳ್ಯಾಕೇನ್ರಿ?”

“ಪ್ಲೇಟು ನೆನೆಸೋದಕ್ಕೆ. ಪ್ಲೇಟು ಹೊತ್ತರೆ ರೈಲಿನಲ್ಲಿ ಒಡೆದುಹೋಗುತ್ತವೆ. ನಮಗೆ ಚೀಟಿ ಸಾಕು, ಬಿಡಿಸಿ ಪುಸ್ತಕಕ್ಕೆ ಅಂಟಿಸುತ್ತೇವೆ. ಇವತ್ತು ಚೀಟಿ ಕೊಟ್ಟರೆ ಕೆಲಸದ ಹುಕುಂ ಇವತ್ತೇ.”

ಯರ್ರಿಸ್ವಾಮಿ ಚೌಡಕ್ಕನನ್ನು ನೋಡಿದ. ಚೌಡಕ್ಕ ಗಡಿಗೆಯನ್ನು ನೋಡಿದಳು.

ನೆನೆಸಿದರು, ಉಗುರು ಹಾಕಿದರು, ಹುಣಸೆ ಹಚ್ಚಿ ತಿಕ್ಕಿದರು. ಗಿಣಿಗಳು ರೆಕ್ಕೆ ಕದಲಿಸಲಿಲ್ಲ. ಸಾಹೇಬರು ಸಂಜೆಯ ರೈಲಿಗೆ ಎದ್ದರು. “ಬಿಟ್ಟ ದಿನ ಒಂದು ಕಾರ್ಡು ಹಾಕಿ. ಅಲ್ಲಿಯವರೆಗೆ ಕೆಲಸ ನಿಮಗೇ ಇಟ್ಟಿರುತ್ತೇನೆ.”

ಜಟಕಾ ಮರೆಯಾದ ಮೇಲೆ ಯರ್ರಿಸ್ವಾಮಿ ಕೇಳಿದ, “ಚೌಡಕ್ಕ, ಇದು ಯಾವಾಗ ಬಿಡ್ತದ?”

“ನಮ್ಮತ್ತಿ ಮದಿವಿ ಕಂಬಳಿ ಹರದೋತು, ಅಂಟು ಇನ್ನಾ ಬಿಟ್ಟಿಲ್ಲಪ್ಪ” ಎಂದಳು ಚೌಡಕ್ಕ. ಅವನ ಮುಖ ನೋಡಿ ಮೆಲ್ಲಗೆ ಸೇರಿಸಿದಳು, “ಆದ್ರ ಮಳಿ ನೀರಿಗೆ ಒಂದೀಟು ಮೆತ್ತಗಾಗ್ತದ.”

ಯರ್ರಿಸ್ವಾಮಿ ತಲೆಯೆತ್ತಿದ. ಓಬಳಾಪುರದ ಗುಡ್ಡದ ಕಡೆ ಒಂದು ಹಿಡಿ ಉಣ್ಣೆಯಷ್ಟು ಮೋಡವಿತ್ತು.

“ಇವತ್ತು ಬರಂಗ ಐತಿ” ಎಂದು, ಪ್ಲೇಟುಗಳನ್ನು ಒಂದೊಂದಾಗಿ ಅಂಗಳದಲ್ಲಿ ಹರಡತೊಡಗಿದ, ಗಿಣಿ ಮೇಲೆ ಬರುವಂತೆ.