ಬೆನ್ನ ಹಿಂದೆ ಕೈ ಕಟ್ಟಿದ ಭಾವ

ನಮ್ಮ ಅಕ್ಕನ ಗಂಡನಷ್ಟು ಪುಕ್ಕಲು ಮನುಷ್ಯ ಕಾಪುವಿನ ಕಡಲ ಬದಿಯಿಂದ ಕಾರ್ಕಳದ ಗುಡ್ಡದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ! ಹಲ್ಲಿ ಲೊಚಗುಟ್ಟಿದರೆ ಹೊರಟ ಕಾಲು ಹಿಂದಕ್ಕೆ. ಗುಡುಗು ಬಂದರೆ ಟಿ.ವಿ.ಯ ಪ್ಲಗ್ ಮಾತ್ರವಲ್ಲ, ಗೋಡೆ ಗಡಿಯಾರದ ಸೆಲ್ಲನ್ನೂ ತೆಗೆದಿಡುವವರು. ಕಲ್ಯಾಣಪುರದ ಮನೆಯಿಂದ ಕಾರ್ಕಳದ ಕಾಲೇಜಿಗೆ ಪಾಠ ಮಾಡಲು ಹೋಗುವಾಗ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಆಗಬೇಕು. ಯಾಕೆ ಭಾವ ಎಂದು ಕೇಳಿದ್ದೆ.

“ಡ್ರೈವರನಿಗೂ ಜೀವದ ಆಸೆ ಉಂಟಲ್ವಾ ಮಾರಾಯ್ತಿ? ಏನಾದರೂ ಆದರೆ ತನ್ನ ಬದಿಯನ್ನು ಅವನು ಹೇಗಾದರೂ ಉಳಿಸಿಕೊಳ್ತಾನೆ.”

ಇಂಥ ಮನುಷ್ಯ ಫ್ರೀಮೇಸನ್ ಆಗಿದ್ದರು ಎಂದರೆ ನಂಬುತ್ತೀರಾ? ಬಾಗಿಲು ಹಾಕಿಕೊಂಡು ಸಭೆ ನಡೆಸುವ, ಒಳಗಿನದನ್ನು ಹೊರಗೆ ಹೇಳದ ಆ ಹಳೆಯ ಸಹೋದರ ಸಂಘದವರು! ತಿಂಗಳಿಗೊಂದು ಶನಿವಾರ ಕರಿ ಕೋಟು ತೊಟ್ಟು, ತೆಳ್ಳಗಿನ ಕರಿ ಪೆಟ್ಟಿಗೆ ಹಿಡಿದು ಮಂಗಳೂರಿನ ಲಾಡ್ಜಿಗೆ, ಅಂದರೆ ಅವರ ಸಭಾಮಂದಿರಕ್ಕೆ, ಹೋಗುತ್ತಿದ್ದರು. ಅಲ್ಲಿ ಬಾಗಿಲಲ್ಲಿ ಒಬ್ಬ ಕತ್ತಿ ಹಿರಿದು ನಿಂತಿರುತ್ತಾನಂತೆ. ನಾವು ಚಿಕ್ಕವರಿದ್ದಾಗ ಹಠ ಮಾಡಿದರೆ “ತಲೆ ಕಡಿಯುವ ಬಂಗಲೆಗೆ ಕೊಟ್ಟು ಬರ್ತೇವೆ” ಎಂದು ಹಿರಿಯರು ಹೆದರಿಸುತ್ತಿದ್ದದ್ದು ಇಂಥ ಕಟ್ಟಡವನ್ನು ತೋರಿಸಿಯೇ. ಹಾಗಾಗಿ ಭಾವ ಸೇರಿದ ಹೊಸತರಲ್ಲಿ ನನಗೂ ಅಕ್ಕನಿಗೂ ಎದೆ ಡವಡವ. ಅಕ್ಕ ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಒಳಗೆ ಎಂತ ಮಾಡ್ತೀರಿ?”

“ಹೇಳ್ಲಿಕ್ಕೆ ಇಲ್ಲ.”

“ಆ ಪೆಟ್ಟಿಗೆಯಲ್ಲಿ ಎಂತ ಉಂಟು?”

“ಏಪ್ರನ್. ಸಭೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವುದು.”

ಅಲ್ಲಿಯವರೆಗೆ ನಡುಗುತ್ತಿದ್ದ ಅಕ್ಕನಿಗೆ ಸಿಟ್ಟು ಬಂತು ನೋಡಿ! “ಏಪ್ರನ್ನಾ? ಮನೆಯಲ್ಲಿ ಒಂದು ದಿನ ಅದನ್ನು ಕಟ್ಟಿಕೊಂಡು ಪಾತ್ರೆ ತೊಳೆದದ್ದುಂಟಾ ನೀವು?”

ಭಾವನಿಗೆ ಕತ್ತಿಯ ಭಯವಿರಲಿಲ್ಲ. ಅವರ ಭಯವೆಲ್ಲ ಲಾಡ್ಜಿನ ನಿಯಮಗಳದ್ದು. ಒಂದೊಂದು ದೇಶದಲ್ಲಿ ಒಂದೊಂದು ದೊಡ್ಡ ಲಾಡ್ಜ್, ಕೆಲವು ಕಡೆ ಎರಡು ಮೂರು. ಅವು ಒಂದನ್ನೊಂದು ಒಪ್ಪಿಕೊಂಡಿದ್ದರೆ ಕಾಗದಪತ್ರ ತೋರಿಸಿ, ಬಾಗಿಲಲ್ಲಿ ಪರೀಕ್ಷೆ ಕೊಟ್ಟು, ನಮ್ಮವರು ಅಲ್ಲಿಗೂ ಅವರು ಇಲ್ಲಿಗೂ ಹೋಗಬಹುದು. ಒಪ್ಪದಿದ್ದರೆ ಒಟ್ಟಿಗೆ ಕೂರುವಂತಿಲ್ಲ, ಲಾಡ್ಜಿನ ಮಾತು ಆಡುವಂತಿಲ್ಲ, ಸಹೋದರರ ಗುಟ್ಟಿನ ಹಸ್ತಲಾಘವವಂತೂ ಕೂಡದೇ ಕೂಡದು. ತಪ್ಪಿದರೆ ಹೊರಗೆ! ಇದನ್ನು ಭಾವ ಜಗಲಿಯಲ್ಲಿ ನನಗೆ ವಿವರಿಸುತ್ತಿದ್ದಾಗ, ದೇವಸ್ಥಾನದ ಅರ್ಚಕರ ಮನೆಯಲ್ಲಿ ಹುಟ್ಟಿ ಬೆಳೆದ ಅವರ ತಾಯಿ ಬತ್ತಿ ಹೊಸೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

“ಅಂದರೆ ಪಂಕ್ತಿಯ ವಿಷಯ. ಇಂಥವರೊಟ್ಟಿಗೆ ಊಟಕ್ಕೆ ಕೂರಬಹುದು, ಇಂಥವರೊಟ್ಟಿಗೆ ಆಗ್ಲಿಕ್ಕಿಲ್ಲ. ಇದನ್ನು ಕಲೀಲಿಕ್ಕೆ ನೀನು ಮಂಗಳೂರಿಗೆ ಹೋಗ್ಬೇಕಿತ್ತಾ ಮಗಾ?”



ಇಸವಿ ಎರಡು ಸಾವಿರ ಕಳೆದ ಹೊಸತು. ಮಣಿಪಾಲದ ಒಂದು ಆಸ್ಪತ್ರೆಯ ಕಚೇರಿಯಲ್ಲಿ ನನಗೆ ಕೆಲಸ. ಭಾವ ವಾರಕ್ಕೊಮ್ಮೆ ಬಿ.ಪಿ. ನೋಡಿಸಲು ಬರುತ್ತಿದ್ದರು. ಬಿ.ಪಿ. ಹೆಚ್ಚಿದ್ದರೆ ಹೆದರಿಕೆ, ಸರಿ ಇದ್ದರೆ ಯಂತ್ರವೇ ಕೆಟ್ಟಿದೆಯೆಂಬ ಸಂಶಯ! ಹಾಗೆ ಬಂದ ಒಂದು ದಿನ ನಾವಿಬ್ಬರೂ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದೆವು. ಎದುರಿನ ಮೇಜಿನಲ್ಲಿ ಮಾರಿಷಸ್ಸಿನವರೊಬ್ಬರು. ಇಲ್ಲಿ ಓದಲು ಬಂದಿದ್ದ ಅವರ ಮಗಳು ಸ್ಕೂಟರಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಐ.ಸಿ.ಯು.ನಲ್ಲಿದ್ದಳು. ಆ ತಂದೆಗೆ ಈ ಊರಿನಲ್ಲಿ ಗುರುತಿನವರೆಂದು ಒಂದು ನರಪಿಳ್ಳೆಯೂ ಇರಲಿಲ್ಲ. ಅವರ ಕಣ್ಣು ಭಾವನ ಉಂಗುರದ ಮೇಲೆ ಬಿತ್ತು. ಅದರಲ್ಲಿ ಫ್ರೀಮೇಸನ್ನರ ಕೈವಾರದ ಗುರುತಿತ್ತು. ಅವರ ಮುಖ ಅರಳಿತು. “ಬ್ರದರ್!” ಎನ್ನುತ್ತಾ ಓಡಿಬಂದು ಕೈ ಚಾಚಿದರು.

ನಮ್ಮ ಭಾವ ಏನು ಮಾಡಿದರು ಗೊತ್ತೇ? ಬಾಳೆಹಣ್ಣು ಕದ್ದ ಮಗುವಿನ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ಯಾವ ಲಾಡ್ಜು?” ಎಂದು ಇಂಗ್ಲಿಷಿನಲ್ಲಿ ಕೇಳಿದರು! ತಮ್ಮ ದ್ವೀಪದಲ್ಲಿ ಇಂಗ್ಲಿಷರ ಕಡೆಯದೂ ಉಂಟು, ಫ್ರೆಂಚರ ಕಡೆಯದೂ ಉಂಟು, ತನ್ನದು ಫ್ರೆಂಚ್ ಎಂದರು ಅವರು. ಫ್ರೆಂಚರ ಕಡೆಯದನ್ನು ನಮ್ಮವರು ಒಪ್ಪಿದ್ದಾರೋ ಇಲ್ಲವೋ ತಿಳಿಯದೆ ಭಾವ ಬೆವರಿದರು. ಚಾಚಿದ್ದ ಆ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು, ಮೆಲ್ಲಗೆ ಜೇಬಿಗೆ ಹೋಯಿತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಭಾವ ಆಗಲೇ ಮಂಗಳೂರಿಗೆ ಫೋನ್ ಮಾಡಿದರು. ಲಾಡ್ಜುಗಳ ನಡುವಿನ ಇಂಥ ವಿಚಾರಣೆಯೆಲ್ಲ ಮೇಲಿನವರ ಮೂಲಕವೇ ಆಗಬೇಕು, ದೆಹಲಿಯ ದೊಡ್ಡ ಲಾಡ್ಜಿಗೆ ಬರೆದು ಕೇಳುತ್ತೇವೆ, ಅಲ್ಲಿಯವರೆಗೆ ಜಾಗ್ರತೆ ಎಂದರಂತೆ ಅಲ್ಲಿನ ಕಾರ್ಯದರ್ಶಿ. ಜಾಗ್ರತೆ ಎಂದು ಹೇಳಬೇಕೇ ನಮ್ಮ ಭಾವನಿಗೆ!

ಆದರೆ ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ಕಾಲೇಜು ಬಿಟ್ಟವರೇ ಭಾವ ನೇರ ಮಣಿಪಾಲಕ್ಕೆ. ಕೈಯಲ್ಲಿ ಅಕ್ಕ ಬೆಳಿಗ್ಗೆಯೇ ಕಟ್ಟಿಕೊಟ್ಟ, ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು. ಐ.ಸಿ.ಯು.ವಿನ ಹೊರಗೆ ಆ ತಂದೆಯ ಪಕ್ಕ ಒಂದು ಕುರ್ಚಿ ಬಿಟ್ಟು ಕೂರುವುದು. ಬುತ್ತಿಯನ್ನು ನಡುವಿನ ಖಾಲಿ ಕುರ್ಚಿಯಲ್ಲಿಟ್ಟು ಸಟಕ್ಕನೆ ಕೈ ಹಿಂದಕ್ಕೆಳೆಯುವುದು. ಬಳಿಕ ಕಡಲಿನ ಮಾತು, ಹಲಸಿನ ಮಾತು, ಬಸ್ಸಿನ ಮಾತು. ಅವರೇನಾದರೂ ಮರೆತು “ನಮ್ಮ ಲಾಡ್ಜಿನಲ್ಲಿ…” ಎಂದರೆ ಸಾಕು, “ನೋ, ನೋ! ಚಟ್ನಿ, ಚಟ್ನಿ!” ಎಂದು ಡಬ್ಬಿ ತೋರಿಸುವುದು!

ನನಗೆ ತಡೆಯಲಾಗಲಿಲ್ಲ. “ಎಂತ ಭಾವ ಇದು? ಮಗಳು ಒಳಗೆ ಹಾಗೆ ಮಲಗಿದ್ದಾಳೆ. ಒಮ್ಮೆ ಕೈ ಕುಲುಕಿದರೆ ನಿಮ್ಮ ಗಂಟೇನು ಹೋಗ್ತದೆ?”

ಭಾವ ಬೆರಳಿನ ಉಂಗುರವನ್ನು ತಿರುಗಿಸಿದರು. “ನಿನಗೆ ಅದು ತಮಾಷೆ. ಮನೆ, ಕಾಲೇಜು, ಬಸ್ಸು, ಎಲ್ಲ ಕಡೆಯೂ ನನಗೆ ಹೆದರಿಕೆಯೇ. ಹೆದರದೆ ಕೂರುವ ಜಾಗ ಅಂತ ಇರುವುದು ಆ ಲಾಡ್ಜ್ ಒಂದೇ. ಅಲ್ಲಿಂದಲೂ ಹೊರಗೆ ಹಾಕಿದರೆ ನಾನು ಎಲ್ಲಿಗೆ ಹೋಗ್ಲಿ ಹೇಳು?”



ದಿನಗಳು ಕಳೆದರೂ ಹುಡುಗಿಗೆ ಎಚ್ಚರ ಬರಲಿಲ್ಲ. ಇನ್ನೊಂದು ಆಪರೇಷನ್ ಮಾಡಿ ನೋಡುತ್ತೇವೆ, ಭರವಸೆ ಕೊಡಲಾರೆವು ಎಂದರು ಡಾಕ್ಟರು. ಆ ಮಧ್ಯಾಹ್ನ ನನಗೆ ಕಚೇರಿಯಲ್ಲಿ ಕೂರಲಾಗಲಿಲ್ಲ. ಮೇಲೆ ಹೋದೆ. ಥಿಯೇಟರಿನ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಹೊರಗೆ ಆ ತಂದೆ ಕೂತಿದ್ದರು. ನಡುವಿನ ಕುರ್ಚಿ ಅಂದು ಖಾಲಿಯಿರಲಿಲ್ಲ, ಅದರಲ್ಲಿ ಭಾವ ಇದ್ದರು. ಆ ಮನುಷ್ಯನ ಕೈ ಭಾವನ ಎರಡೂ ಕೈಗಳೊಳಗಿತ್ತು.

ನಾನು ಬಗ್ಗಿ ಪಿಸುಗುಟ್ಟಿದೆ. “ದೆಹಲಿಯವರು ಒಪ್ಪಿದರಾ ಭಾವ?”

“ಇಲ್ಲ. ನಿನ್ನೆ ಫೋನ್ ಬಂತು. ಅವರ ಲಾಡ್ಜಿಗೂ ನಮ್ಮದಕ್ಕೂ ಸಂಬಂಧ ಇಲ್ಲವಂತೆ.”

“ಮತ್ತೆ ಈ ಕೈ?”

ಭಾವನ ಕಣ್ಣು ಕೆಂಪು ದೀಪದ ಮೇಲೇ ಇತ್ತು. “ಅವರಿಗೆ ಹೆದರಿಕೆ ಆಗ್ತಾ ಉಂಟು ಮಾರಾಯ್ತಿ. ಅದು ಹೇಗಿರ್ತದೆ ಅಂತ ನನಗೆ ಗೊತ್ತಿಲ್ವಾ?”

ಇಷ್ಟು ವರ್ಷ ಇವರನ್ನು ನೋಡಿ ನಕ್ಕಿದ್ದೆನಲ್ಲ! ನಾನೂ ಅಲ್ಲೇ ಕೂತೆ.

ಎಷ್ಟೋ ಹೊತ್ತಿನ ಮೇಲೆ ದೀಪ ಆರಿತು. ಬಾಗಿಲು ತೆರೆದು ಹೊರಬಂದ ಡಾಕ್ಟರು ಮುಖದ ಬಟ್ಟೆ ಇಳಿಸಿ ನಕ್ಕರು, ಹುಡುಗಿ ಉಳಿದಳು ಎಂದರು. ಆ ತಂದೆ ಎದ್ದು ಓಡಲು ನೋಡಿದರು. ಓಡಲಾಗಲಿಲ್ಲ. ನಮ್ಮ ಭಾವ ಇನ್ನೂ ಕೈ ಬಿಟ್ಟಿರಲಿಲ್ಲ.